ಒಂದೇ ಸಲ ನುಡಿಯುವ ಧ್ವನಿ



ಪ್ರಾಥಮಿಕ ಶಿಕ್ಷಣವನ್ನು ಕುರಿತು ಮಾತನಾಡಬೇಕೆಂದು ನನಗೆ ಆಜ್ಞೆಯಾದಾಗ, ಸಭೆಯಲ್ಲಿ ಹೇಳಲು ಗಂಭೀರವಾಗಿ ತೋರುವ ವಿಷಯಗಳು ಹಲವು ಮನಸ್ಸಿನ ಮುಂದೆ ಬಂದು ನಿಂತವು. ಅವನ್ನೆಲ್ಲ ಬದಿಗಿರಿಸಿ, ನೋಡುವುದಕ್ಕೆ ಅತ್ಯಲ್ಪವೆನಿಸುವ ಒಂದು ಪ್ರಶ್ನೆಯನ್ನೇ ಇಂದಿನ ಉಪನ್ಯಾಸಕ್ಕೆ ಆರಿಸಿಕೊಂಡಿದ್ದೇನೆ: ಹತ್ತು ವರ್ಷದ ಮಗುವಿಗೆ, ಹೇಳುವವರ ಮುಖ ಕಾಣದಂತೆ, ಯಂತ್ರದೊಳಗಿನ ಧ್ವನಿಯೊಂದು ಒಂದೇ ಸಲ ಸೂಚನೆಯನ್ನಿತ್ತು ಮುಂದೆ ಸಾಗಿಬಿಟ್ಟರೆ, ಅದನ್ನು ಹಿಡಿದುಕೊಂಡು ಅದರಂತೆ ನಡೆಯುವುದಕ್ಕೆ ಆ ಮಗುವಿಗೆ ಯಾವ ಸಿದ್ಧತೆ ಬೇಕು? ಆ ಸಿದ್ಧತೆಯನ್ನು ಮಾಡಿಸತಕ್ಕವರು ಯಾರು?

ಈ ಪ್ರಶ್ನೆ ನನ್ನಲ್ಲಿ ಹುಟ್ಟಿದ್ದು ನನ್ನದೇ ಒಂದು ತಪ್ಪಿನಿಂದ. ನಿವೃತ್ತಿಯ ತರುವಾಯ ಖಾನಾಪುರದ ಶಾಲೆಯೊಂದರ ಪಡಸಾಲೆಯಲ್ಲಿ ಐದನೆಯ ಇಯತ್ತೆಯ ಕೆಲವು ಮಕ್ಕಳಿಗೆ ನವೋದಯ ವಿದ್ಯಾಲಯದ ಪ್ರವೇಶಪರೀಕ್ಷೆಯ ಅಭ್ಯಾಸವನ್ನು ಮಾಡಿಸುತ್ತಿದ್ದೆನು. ಆಷಾಢದ ಮಳೆ, ಹಂಚಿನ ಮೇಲೆ ಬೀಳುವ ನೀರಿನ ಸದ್ದಿನಲ್ಲಿ ನನ್ನ ಗಂಟಲು ಸೋತುಹೋಗಿದ್ದ ಕಾರಣ, ಹಿಂದಿನ ರಾತ್ರಿ ಸೂಚನೆಗಳನ್ನೆಲ್ಲ ಮಗಳ ಧ್ವನಿಯಲ್ಲಿ ಮೊಬೈಲಿನಲ್ಲಿ ಮುದ್ರಿಸಿಕೊಂಡು ಬಂದು, ಸಣ್ಣದೊಂದು ಸ್ಪೀಕರಿಗೆ ಜೋಡಿಸಿ, ಮಕ್ಕಳ ಮುಂದೆ ಇಟ್ಟೆನು. ಜಾಂಬೋಟಿಯ ಕಡೆಯ ಹುಡುಗಿಯೊಬ್ಬಳು, ಲೆಕ್ಕದಲ್ಲಿ ಎಲ್ಲರಿಗಿಂತ ಚುರುಕಾದವಳು, ಮೂರನೆಯ ಸೂಚನೆಗೆ ಲೇಖನಿಯನ್ನು ಕೆಳಗಿಟ್ಟು ಸುಮ್ಮನೆ ಕುಳಿತುಬಿಟ್ಟಳು; ಕೊನೆಯವರೆಗೂ ಮತ್ತೆ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಏಕೆಂದು ಕೇಳಿದಾಗ ಅವಳು ಹೇಳಿದ ಮಾತನ್ನು ಇಂದಿಗೂ ಮರೆತಿಲ್ಲ: "ಗುರುಗಳ, ಆಕಿ ನಮ್ಮ ಮಾರಿ ನೋಡದನ ಹೇಳಿಕೋತ ಹೋದ್ಳರಿ."

ನಲವತ್ತು ಮಕ್ಕಳ ತರಗತಿಯಲ್ಲಿ ಅಧ್ಯಾಪಕನು ಒಂದು ಮಾತನ್ನು ಹೇಳುವಾಗ, ಹೇಳುತ್ತ ಹೇಳುತ್ತಲೇ ಮುಖಗಳನ್ನು ಓದುತ್ತಿರುವನು. ಹಿಂದಿನ ಸಾಲಿನಲ್ಲಿ ಹುಬ್ಬು ಗಂಟಿಕ್ಕಿದ್ದನ್ನು ಕಂಡರೆ ತನಗರಿವಿಲ್ಲದೆಯೇ ಅದೇ ಮಾತನ್ನು ಇನ್ನೊಂದು ರೀತಿಯಲ್ಲಿ ತಿರುಗಿ ಹೇಳುವನು, ಒಂದು ಪದವನ್ನು ಮರಾಠಿಯಲ್ಲಿ ಪಕ್ಕಕ್ಕೆ ಎಸೆಯುವನು, ಕೈಯಿಂದ ತೋರಿಸುವನು. ಜೀವಂತ ಧ್ವನಿಗೆ ಕಣ್ಣಿದೆ; ಮುದ್ರಿತ ಧ್ವನಿಗೆ ಅದಿಲ್ಲ. ಎದುರಿಗಿರುವವರು ತನ್ನನ್ನು ನೋಡುತ್ತಿರುವರೆಂಬ ಭರವಸೆಯ ಮೇಲೆಯೇ ಆವರೆಗೆ ಕೇಳುತ್ತ ಬಂದಿದ್ದ ಮಗು, ಆ ಭರವಸೆಯನ್ನು ಒಮ್ಮೆಲೇ ಕಿತ್ತುಕೊಂಡಾಗ ಕಿವಿಯನ್ನೂ ಮುಚ್ಚಿಬಿಡುವುದು ಅಸಹಜವಲ್ಲ.

ಇಲ್ಲಿ ಒಂದು ಸಂಗತಿಯನ್ನು ಸ್ಪಷ್ಟಪಡಿಸಬೇಕು. ನಮ್ಮ ಜಿಲ್ಲೆಯ ಮಕ್ಕಳು ಬರೆಯುವ ಪ್ರವೇಶಪರೀಕ್ಷೆಗಳಲ್ಲಿ, ಅದು ನವೋದಯದ್ದಾಗಲಿ, 1963ರಲ್ಲಿ ವಿಜಯಪುರದಲ್ಲಿ ಆರಂಭವಾದ ಸೈನಿಕ ಶಾಲೆಯದ್ದಾಗಲಿ, 1945ರಲ್ಲಿ ಸ್ಥಾಪಿತವಾದ ನಮ್ಮ ಬೆಳಗಾವಿಯ ರಾಷ್ಟ್ರೀಯ ಮಿಲಿಟರಿ ಶಾಲೆಯದ್ದಾಗಲಿ, 1969ರಿಂದ ಹೆಣ್ಣುಮಕ್ಕಳಿಗಾಗಿ ನಡೆಯುತ್ತಿರುವ ಕಿತ್ತೂರು ರಾಣಿ ಚನ್ನಮ್ಮ ಸೈನಿಕ ಶಾಲೆಯದ್ದಾಗಲಿ, ಸೂಚನೆಗಳು ಇಂದಿಗೂ ಪುಸ್ತಿಕೆಯ ಮೇಲೆ ಅಚ್ಚಾಗಿರುತ್ತವೆ. ಉಳಿದುದನ್ನು ಕೊಠಡಿಯ ಮೇಲ್ವಿಚಾರಕರು ಬಾಯಿಂದ ಹೇಳುವರು. ಮುದ್ರಿತ ಧ್ವನಿ ನಮ್ಮ ಶಾಲೆಗಳೊಳಗೆ ಕಾಲಿಟ್ಟಿರುವುದು ಮುಖ್ಯವಾಗಿ ಇಂಗ್ಲಿಷಿನ ಆಲಿಸುವಿಕೆಯ ಪರೀಕ್ಷೆಗಳ ಮೂಲಕ. ಪ್ರವೇಶಪರೀಕ್ಷೆಯ ಸೂಚನೆಯನ್ನೇ ಯಂತ್ರದಿಂದ ಕೇಳಿಸುವ ಪದ್ಧತಿ ಗಟ್ಟಿಯಾಗಿ ಬೇರೂರಿರುವುದು ಇಂಗ್ಲೆಂಡಿನಲ್ಲಿ. 1944ರ ಶಿಕ್ಷಣ ಶಾಸನದ ತರುವಾಯ ಅಲ್ಲಿ ಹನ್ನೊಂದರ ಪ್ರಾಯದ ಮಕ್ಕಳನ್ನು ಗ್ರಾಮರ್ ಶಾಲೆಗಳಿಗೆ ಆರಿಸುವ 'ಇಲೆವೆನ್ ಪ್ಲಸ್' ಪರೀಕ್ಷೆ ನೆಲೆಗೊಂಡಿತು; ದೇಶದ ಬಹುಭಾಗದಿಂದ ಅದು ಮರೆಯಾಗಿದ್ದರೂ ಬಕಿಂಗ್‌ಹ್ಯಾಮ್‌ಶೈರ್ ಮೊದಲಾದ ಕೆಲವು ಕೌಂಟಿಗಳಲ್ಲಿ ಈಗಲೂ ಉಳಿದುಬಂದಿದೆ. ಅಲ್ಲಿ ಪುಟವನ್ನು ಯಾವಾಗ ತಿರುಗಿಸಬೇಕು, ಮಾದರಿ ಪ್ರಶ್ನೆಯನ್ನು ಹೇಗೆ ಮಾಡಬೇಕು, ಲೇಖನಿಯನ್ನು ಯಾವಾಗ ಕೆಳಗಿಡಬೇಕು ಎಂಬುದೆಲ್ಲವನ್ನೂ ಮುದ್ರಿತ ಧ್ವನಿಯೇ ಹೇಳುವುದು. ಪರೀಕ್ಷೆ ಸಣ್ಣ ಸಣ್ಣ ಭಾಗಗಳಾಗಿ ಒಡೆದಿರುವುದರಿಂದ, ಒಂದು ಭಾಗದ ಕಾಲ ಮುಗಿದೊಡನೆ ಧ್ವನಿ ಎಲ್ಲರನ್ನೂ ಒಟ್ಟಿಗೆ ಮುಂದಿನ ಭಾಗಕ್ಕೆ ಕರೆದೊಯ್ಯುವುದು. ಹಿಂದೆ ಉಳಿದವರು ಉಳಿದಂತೆಯೇ.

ಅಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಮಗನ ಪರೀಕ್ಷೆಯ ಸಂದರ್ಭದಲ್ಲಿ ಇದನ್ನೆಲ್ಲ ನನಗೆ ವಿವರಿಸಿದಾಗ, ಮೊದಲು ನನಗೆ ಇದೊಂದು ನಿಷ್ಕರುಣ ವ್ಯವಸ್ಥೆಯೆಂದೇ ತೋರಿತು. ಆದರೆ ವಿಚಾರ ಮಾಡಿದಂತೆಲ್ಲ ಅದರ ಹಿಂದಿರುವ ನ್ಯಾಯವೂ ಕಾಣಿಸಿತು. ಒಂದು ಸಭಾಗೃಹದ ಮೇಲ್ವಿಚಾರಕರು ನಿಧಾನವಾಗಿ ಓದಿ ಎರಡು ಸಲ ವಿವರಿಸಿದರೆ, ಇನ್ನೊಂದು ಗೃಹದವರು ಅವಸರದಲ್ಲಿ ಒಮ್ಮೆ ಗೊಣಗಿ ಗಡಿಯಾರವನ್ನು ನೋಡಿದರೆ, ಸಾವಿರಾರು ಮಕ್ಕಳಲ್ಲಿ ಯಾರ ಅದೃಷ್ಟ ಯಾರ ಬಾಯಲ್ಲಿ ಎಂಬಂತಾಗುವುದು. ಎಲ್ಲರಿಗೂ ಒಂದೇ ಧ್ವನಿ, ಒಂದೇ ವೇಗ, ಒಂದೇ ಕಾಲಾವಕಾಶ ದೊರೆಯಲೆಂಬುದು ಆ ಯಂತ್ರದ ಉದ್ದೇಶ. ಹೀಗೆ ಮಾಡುವುದರ ಜೊತೆಗೆ ಅವರು ಇನ್ನೊಂದನ್ನೂ ಮಾಡುವರು. ನಿಜವಾದ ಪರೀಕ್ಷೆಗೆ ಕೆಲವೇ ದಿನ ಮುಂಚೆ, ಅಂಕಗಳಿಗೆ ಸೇರದ ಅಭ್ಯಾಸ ಪರೀಕ್ಷೆಯೊಂದನ್ನು ಬರೆಯಿಸಿ, ಮಗುವಿಗೆ ಆ ರೀತಿಯನ್ನು ಪರಿಚಯ ಮಾಡಿಸುವರು. ಸಮತೆಯ ಹೆಸರಿನಲ್ಲಿ ಯಂತ್ರವನ್ನು ತರುವವರು ಈ ಎರಡನೆಯ ಕೆಲಸವನ್ನು ಕೈಬಿಟ್ಟರೆ ಮೊದಲನೆಯದು ಅರ್ಧ ನ್ಯಾಯವಷ್ಟೇ ಆಗುವುದು.

ನಮ್ಮ ಪರೀಕ್ಷೆಗಳಲ್ಲಿ ಧ್ವನಿಯಂತ್ರವಿಲ್ಲದಿದ್ದರೂ ಸೂಚನೆಯ ಭಾರ ಕಡಿಮೆಯದಲ್ಲ. ಆರನೆಯ ತರಗತಿಗೆ ಸೇರಲು ಬರೆಯುವ ನವೋದಯ ಪರೀಕ್ಷೆಯನ್ನೇ ನೋಡಿರಿ: ಎರಡು ತಾಸು, 80 ಪ್ರಶ್ನೆಗಳು, 100 ಅಂಕಗಳು, ಅದರಲ್ಲಿ ಅರ್ಧದಷ್ಟು, ಅಂದರೆ 40 ಪ್ರಶ್ನೆಗಳು, ಬುದ್ಧಿಶಕ್ತಿಯ ಪರೀಕ್ಷೆ. ಆ ನಲವತ್ತು ಪ್ರಶ್ನೆಗಳು ನಾಲ್ಕು ನಾಲ್ಕರಂತೆ ಹತ್ತು ಭಾಗಗಳಾಗಿ ಒಡೆದಿದ್ದು, ಪ್ರತಿಯೊಂದು ಭಾಗಕ್ಕೂ ಬೇರೆ ಬೇರೆ ಸೂಚನೆ: ಇಲ್ಲಿ ಭಿನ್ನವಾದ ಚಿತ್ರವನ್ನು ಹುಡುಕಬೇಕು, ಅಲ್ಲಿ ಅದರಂತೆಯೇ ಇರುವ ಚಿತ್ರವನ್ನು, ಮತ್ತೊಂದೆಡೆ ಕನ್ನಡಿಯಲ್ಲಿ ಕಾಣುವ ಬಿಂಬವನ್ನು. ಭಿನ್ನವಾದುದನ್ನು ಕೇಳಿದಲ್ಲಿ ಸಮಾನವಾದುದನ್ನು ಗುರುತಿಸಿಬಂದ ಮಕ್ಕಳನ್ನು ನಾನು ಎಷ್ಟೋ ಜನರನ್ನು ಕಂಡಿದ್ದೇನೆ. ಅವರಿಗೆ ಬುದ್ಧಿ ಕಡಿಮೆಯಿರಲಿಲ್ಲ. ಸೂಚನೆಯೂ ಪ್ರಶ್ನೆಯ ಒಂದು ಭಾಗವೆಂಬ ಅರಿವನ್ನು ನಾವು ಅವರಿಗೆ ಕೊಟ್ಟಿರಲಿಲ್ಲ.

ಹಾಗೆಂದು ನಮ್ಮ ಹಿಂದಿನವರು ಕಿವಿಯನ್ನು ಅಲಕ್ಷಿಸಿದ್ದರೆಂದು ಯಾರೂ ತಿಳಿಯಬಾರದು. ಮುಂಬಯಿ ಪ್ರಾಂತದ ಶಾಲೆಗಳಲ್ಲಿ ಕಲಿತು ಏಳನೆಯ ಇಯತ್ತೆಯಲ್ಲಿ ಮುಲ್ಕಿ ಪರೀಕ್ಷೆಗೆ ಕುಳಿತ ನಮ್ಮ ತಂದೆಯ ಪೀಳಿಗೆಯವರಿಗೆ ಉಕ್ತಲೇಖನವೂ ಬಾಯಿಲೆಕ್ಕವೂ ನಿತ್ಯದ ವ್ಯಾಯಾಮಗಳಾಗಿದ್ದವು. ಮಾಸ್ತರರು ಲೆಕ್ಕವನ್ನು ಹೇಳುವರು. ಹೇಳಿ ಮುಗಿಯುವವರೆಗೆ ಪಾಟಿಯನ್ನು ಮುಟ್ಟುವಂತಿಲ್ಲ. ಉತ್ತರವನ್ನು ಬರೆದೊಡನೆ ಪಾಟಿಯನ್ನು ಬೋರಲು ಮಾಡಿ ಇಡಬೇಕು. ಈ ಮೂರು ನಿಯಮಗಳಲ್ಲಿ ಆಲಿಸುವ ಶಾಸ್ತ್ರದ ಬಹುಪಾಲು ಅಡಗಿದೆ. ಇನ್ನೂ ಹಿಂದಕ್ಕೆ ಹೋದರೆ, ಒಂದೇ ಸಲ ಕೇಳಿ ಗ್ರಹಿಸುವವನಿಗೆ ನಮ್ಮಲ್ಲಿ ಏಕಸಂಥಗ್ರಾಹಿ ಎಂಬ ಹೆಸರಿತ್ತು, ಮತ್ತು ಆ ಹೆಸರನ್ನು ವಿಸ್ಮಯದಿಂದಲೇ ಉಚ್ಚರಿಸುತ್ತಿದ್ದರು. ಏಕೆಂದರೆ ವೇದಪಾಠಶಾಲೆಯ ಸಂಥೆಯಲ್ಲಿ ಗುರು ಒಮ್ಮೆ ಹೇಳಿದುದನ್ನು ಶಿಷ್ಯನು ಎರಡು ಸಲ ಹೇಳಬೇಕೆಂಬುದೇ ಕ್ರಮವಾಗಿತ್ತು. ಕಿವಿಯಿಂದ ಕಲಿಯುವ ವಿದ್ಯೆಯಲ್ಲಿ ಜಗತ್ತಿಗೇ ಹಿರಿಯರೆನಿಸಿಕೊಂಡವರು ಸಾಮಾನ್ಯ ಬಾಲಕನಿಂದ ಏಕಸಂಥೆಯನ್ನು ನಿರೀಕ್ಷಿಸಲಿಲ್ಲ. ಮುದ್ರಿತ ಧ್ವನಿಯಾದರೋ ಪ್ರತಿಯೊಂದು ಮಗುವೂ ಏಕಸಂಥಗ್ರಾಹಿಯಾಗಿರಬೇಕೆಂದು ಬೇಡುವುದು.

ಮಗುವಿನ ಕಿವಿ ಎಷ್ಟನ್ನು ಹಿಡಿಯಬಲ್ಲುದೆಂಬುದನ್ನು ಅಳೆಯುವ ಪ್ರಯತ್ನ ನಮ್ಮ ಈ ಪ್ರದೇಶದಲ್ಲಿಯೇ ಬಹಳ ಹಿಂದೆ ನಡೆದಿತ್ತೆಂಬ ಸಂಗತಿಯನ್ನು ಬೆಳಗಾವಿಯ ಶಿಕ್ಷಕರೇ ಮರೆತಿರುವುದು ನನಗೆ ಖೇದಕರವಾಗಿ ತೋರುವುದು. ಪ್ಯಾರಿಸಿನಲ್ಲಿ ಆಲ್ಫ್ರೆಡ್ ಬಿನೆ 1905ರಲ್ಲಿ ರಚಿಸಿದ, ಅಮೆರಿಕದಲ್ಲಿ ಟರ್ಮನ್ 1916ರಲ್ಲಿ ಪರಿಷ್ಕರಿಸಿದ ಬುದ್ಧಿಮಾಪನವನ್ನು ವಿ. ವಿ. ಕಾಮತರು ಕನ್ನಡ ಮತ್ತು ಮರಾಠಿ ಆಡುವ ಮಕ್ಕಳಿಗೆ ಒಗ್ಗಿಸಿ 1934ರಲ್ಲಿ ಪ್ರಕಟಿಸಿದರು. 1940ರಲ್ಲಿ ಅದು ಗ್ರಂಥರೂಪವನ್ನು ತಾಳಿತು. ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರಗಳು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಅದಕ್ಕೆ ಮುಂಬಯಿ-ಕರ್ನಾಟಕ ಪರಿಷ್ಕರಣವೆಂದೇ ಹೆಸರು. ಬಿನೆ-ಕಾಮತ್ ಪರೀಕ್ಷೆಯೆಂಬ ಹೆಸರಿನಲ್ಲಿ ಅದು ಇಂದಿಗೂ ಭಾರತದ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಭಾಷೆ ಬದಲಾದರೆ ಅಳತೆಗೋಲೂ ಬದಲಾಗಬೇಕು, ಒಂದೇ ಊರಿನ ಎರಡು ನುಡಿಯ ಮಕ್ಕಳನ್ನು ಅಳೆಯುವಾಗ ಎರಡು ನುಡಿಗಳಲ್ಲಿಯೂ ಮಾತನಾಡಬೇಕು ಎಂಬ ವಿವೇಕವನ್ನು ಆ ಮಹನೀಯರು ತೊಂಬತ್ತು ವರ್ಷಗಳ ಹಿಂದೆಯೇ ಆಚರಣೆಗೆ ತಂದಿದ್ದರು.

ಆ ಪರಂಪರೆಯ ಪರೀಕ್ಷೆಗಳಲ್ಲಿ ಕಿವಿಗೆ ದೊಡ್ಡ ಸ್ಥಾನವಿದೆ. ಟರ್ಮನ್ನರ ಪರಿಷ್ಕರಣದಲ್ಲಿ ಐದು ವರ್ಷದ ಮಗುವಿಗೆ ಒಂದೇ ಉಸಿರಿನಲ್ಲಿ ಮೂರು ಕೆಲಸಗಳನ್ನು ಹೇಳುವರು: ಈ ಕೀಲಿಕೈಯನ್ನು ಆ ಕುರ್ಚಿಯ ಮೇಲಿಡು, ಬಾಗಿಲನ್ನು ಮುಚ್ಚು, ಅಲ್ಲಿರುವ ಪೆಟ್ಟಿಗೆಯನ್ನು ತೆಗೆದುಕೊಂಡು ಬಾ. ಅದೇ ಕ್ರಮದಲ್ಲಿ, ತಿರುಗಿ ಕೇಳದೆ, ಮೂರನ್ನೂ ಮಾಡಿದರೆ ಮಗು ಗೆದ್ದಂತೆ. ಬಿಡಿ ಅಂಕಿಗಳನ್ನು ಒಂದರ ಹಿಂದೊಂದು ಹೇಳಿ, ಕೇಳಿದಂತೆಯೇ ಮರಳಿ ಹೇಳಿಸುವುದು ಇನ್ನೊಂದು: ನಾಲ್ಕು ವರ್ಷಕ್ಕೆ ನಾಲ್ಕು ಅಂಕಿ, ಏಳು ವರ್ಷಕ್ಕೆ ಐದು. ಮೂರು ವರ್ಷದ ಬೆಳವಣಿಗೆಯಲ್ಲಿ ಕೂಡಿದುದು ಒಂದೇ ಅಂಕಿ! ಕಿವಿಯ ಪಾತ್ರೆ ಎಷ್ಟು ನಿಧಾನವಾಗಿ ದೊಡ್ಡದಾಗುವುದೆಂಬುದನ್ನು ಇದು ತೋರಿಸುವುದು. ಹತ್ತು ವರ್ಷದ ಮಗುವಿನ ಕಿವಿಗೆ ಒಂದೇ ಸಲ ಏಳೆಂಟು ಸಂಗತಿಗಳನ್ನು ಸುರಿಯುವ ಸೂಚನಾಕಾರರು ಇದನ್ನು ತಿಳಿದಿರತಕ್ಕದ್ದು. ಮೂರು ಕೆಲಸಗಳ ಆ ಪರೀಕ್ಷೆಯನ್ನು ನಮ್ಮ ತಾಯಂದಿರು ಟರ್ಮನ್ನರ ಹೆಸರು ಕೇಳದೆಯೇ ದಿನವೂ ನಡೆಸುತ್ತಿದ್ದರು. ಕಿರಾಣಿ ಅಂಗಡಿಗೆ ಹೋಗಿ ಅರ್ಧ ಕಿಲೊ ಬೆಲ್ಲ, ಒಂದು ಕಡ್ಡಿಪೆಟ್ಟಿಗೆ, ಚಹಾಪುಡಿ ತಾ, ಬರುವಾಗ ಅಜ್ಜಿಯ ಮನೆಯ ಬಾಗಿಲು ತೆರೆದಿದೆಯೇ ನೋಡಿ ಬಾ ಎಂದರೆ, ಹುಡುಗನು ದಾರಿಯುದ್ದಕ್ಕೂ ಅದನ್ನೇ ಜಪಿಸುತ್ತ ಓಡುತ್ತಿದ್ದನು. ಈಗ ಆ ಯಾದಿ ಮೊಬೈಲಿನಲ್ಲಿ ಅಂಗಡಿಗೆ ತಲುಪುವುದು. ಮಗುವಿನ ಕಿವಿಗೆ ಆ ಕೆಲಸ ತಪ್ಪಿಹೋಯಿತು.

ಇನ್ನು ಖಾನಾಪುರದ ಮಕ್ಕಳ ವಿಷಯಕ್ಕೆ ಬರುತ್ತೇನೆ; ನನ್ನ ಮಾತಿನ ಜೀವಾಳ ಇಲ್ಲಿದೆ. ಪಾರಿಶ್ವಾಡ, ಇಟಗಿ, ಬೀಡಿಗಳ ಬಯಲಿನ ಕಡೆ ಮನೆಯ ಮಾತು ಕನ್ನಡ. ಪಶ್ಚಿಮಕ್ಕೆ, ಮಲಪ್ರಭೆ ಹುಟ್ಟುವ ಕಣಕುಂಬಿಯ ಮತ್ತು ಜಾಂಬೋಟಿಯ ಕಾಡಿನ ಕಡೆ ಬಹುಮಟ್ಟಿಗೆ ಮರಾಠಿ. ಬೆಳಗಾವಿ ನಗರದಲ್ಲಾದರೋ ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಕೇಳಿಬರುವುವು. ಇದು ಮಕ್ಕಳಿಗೆ ಸಂಪತ್ತೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಸೂಚನೆ ಕಿವಿಯ ಮೇಲೆ ಬಿದ್ದ ಆ ಕ್ಷಣದಲ್ಲಿ ಏನಾಗುವುದೆಂಬುದನ್ನು ಸೂಕ್ಷ್ಮವಾಗಿ ಗಮನಿಸಬೇಕು.

ಸಂಖ್ಯೆಗಳನ್ನೇ ತೆಗೆದುಕೊಳ್ಳಿರಿ. ಕನ್ನಡದಲ್ಲಿ ನಾವು ಇಪ್ಪತ್ತೈದು ಎನ್ನುವೆವು: ಮೊದಲು ಇಪ್ಪತ್ತು, ಆಮೇಲೆ ಐದು; ಬರೆಯುವ ಕೈಯೂ ಅದೇ ಕ್ರಮದಲ್ಲಿ ಚಲಿಸುವುದು. ಮರಾಠಿಯಲ್ಲಿ ಅದು ಪಂಚವೀಸ: ಐದು ಮೊದಲು, ಇಪ್ಪತ್ತು ಆಮೇಲೆ. ಐವತ್ತೆರಡು ಅಲ್ಲಿ ಬಾವನ್ನ; ನಲವತ್ತೇಳು ಸತ್ತೇಚಾಳೀಸ; ನಲವತ್ತೊಂಬತ್ತು ಏಕೋಣಪನ್ನಾಸ, ಅಂದರೆ ಒಂದು ಕಡಿಮೆ ಐವತ್ತು. ಉರ್ದುವಿನಲ್ಲಿಯೂ ಬಿಡಿಯೇ ಮುಂದೆ. ಮನೆಯಲ್ಲಿ ಬಾವನ್ನ ಎಂದು ಎಣಿಸುವ ಮಗು ಶಾಲೆಯಲ್ಲಿ ಐವತ್ತೆರಡನೆಯ ಪ್ರಶ್ನೆಗೆ ಹೋಗು ಎಂಬುದನ್ನು ಕೇಳಿದಾಗ, ಕೇಳಿದ ಕ್ರಮವನ್ನು ಮನಸ್ಸಿನಲ್ಲಿ ಒಮ್ಮೆ ತಿರುಗಿಸಿಕೊಳ್ಳಬೇಕಾಗುವುದು. ಜೀವಂತ ಅಧ್ಯಾಪಕನ ಎದುರಿನಲ್ಲಿ ಇದು ಕ್ಷಣದ ಕೆಲಸ. ಯಂತ್ರದ ಎದುರಿನಲ್ಲಿ ಆ ಕ್ಷಣವೇ ಇಲ್ಲ. 25ನೆಯ ಪ್ರಶ್ನೆಯ ಉತ್ತರವನ್ನು 52ರ ವೃತ್ತದಲ್ಲಿ ತುಂಬಿಬಂದ ಮಗುವನ್ನು ಎಚ್ಚರಗೇಡಿಯೆಂದು ಬೈಯುವ ಮುನ್ನ ಅದರ ಮನೆಯ ಮಾತು ಯಾವುದೆಂದು ಕೇಳಿರಿ. ಮರಾಠಿಗರಿಗೇ ಈ ಸಂಗತಿ ಹೊಸದಲ್ಲ: 2019ರಲ್ಲಿ ಮಹಾರಾಷ್ಟ್ರದ ಎರಡನೆಯ ಇಯತ್ತೆಯ ಗಣಿತ ಪುಸ್ತಕವು ಹತ್ತುಗಳನ್ನು ಮೊದಲು, ಬಿಡಿಯನ್ನು ಆಮೇಲೆ ಹೇಳುವ ರೀತಿಯನ್ನೂ ಪರಿಚಯಿಸಿದಾಗ ಆ ರಾಜ್ಯದಲ್ಲೆಲ್ಲ ದೊಡ್ಡ ವಾದವೇ ಎದ್ದಿತ್ತು.

ಪದಗಳದ್ದೂ ಇದೇ ಕಥೆ. ಜಾಂಬೋಟಿಯ ಕಡೆಯ ಆ ಹುಡುಗಿಯನ್ನು ನಿಲ್ಲಿಸಿದ ಪದ 'ಚೌಕ' ಎಂಬುದಾಗಿ ಮರುದಿನ ನನಗೆ ಗೊತ್ತಾಯಿತು. ಸರಿಯಾದ ಚೌಕದ ಮೇಲೆ ಗುರುತು ಮಾಡಿರಿ ಎಂದು ಧ್ವನಿ ಹೇಳಿತ್ತು. ನಮಗೆ ಚೌಕವೆಂದರೆ ನಾಲ್ಕು ಸಮಬಾಹುಗಳ ಆಕೃತಿ. ಅವಳ ಮನೆಯ ಮಾತಿನಲ್ಲಿ ಅದಕ್ಕೆ ಚೌರಸ ಎನ್ನುವರು, ಚೌಕ ಎಂದರೆ ಅವಳಿಗೆ ನಾಲ್ಕು ದಾರಿಗಳು ಕೂಡುವ ಸ್ಥಳ. ಕಾಗದದ ಮೇಲೆ ದಾರಿಗಳನ್ನು ಹುಡುಕುತ್ತ ಅವಳು ಕುಳಿತಿದ್ದಾಗ ಧ್ವನಿ ಇನ್ನೆರಡು ವಾಕ್ಯಗಳಷ್ಟು ಮುಂದೆ ಹೋಗಿತ್ತು. ತಪ್ಪು ಅವಳದಲ್ಲ, ಆ ಪದವನ್ನು ಮುಂಚಿತವಾಗಿ ಪರಿಶೀಲಿಸದೆ ಮುದ್ರಿಸಿದ ನನ್ನದು.

ಕನ್ನಡದ ಮತ್ತು ಮರಾಠಿಯ ವಾಕ್ಯರಚನೆಯಲ್ಲಿಯೇ ಇರುವ ಇನ್ನೊಂದು ಗುಣವನ್ನು ಸೂಚನೆಗಳನ್ನು ಬರೆಯುವವರು ಗಮನಿಸುವುದಿಲ್ಲ. ನಮ್ಮಲ್ಲಿ ನಿಷೇಧವು ವಾಕ್ಯದ ತುದಿಯಲ್ಲಿ ಬರುವುದು. ಹೇಳುವವರೆಗೂ ಪುಟವನ್ನು ತಿರುಗಿಸಬಾರದು ಎಂಬ ವಾಕ್ಯದಲ್ಲಿ 'ಪುಟವನ್ನು ತಿರುಗಿಸ' ಎಂಬಲ್ಲಿಗೆ ಬರುವಷ್ಟರಲ್ಲಿಯೇ ಚುರುಕಾದ ಮಗುವಿನ ಬೆರಳು ಹಾಳೆಯ ಅಂಚನ್ನು ಹಿಡಿದಿರುತ್ತದೆ. 'ಬಾರದು' ಬರುವಾಗ ಪುಟ ತಿರುಗಿ ಆಗಿರುತ್ತದೆ. ಇಂಗ್ಲಿಷಿನಲ್ಲಿ ಬೇಡವೆಂಬುದು ಮೊದಲೇ ಕೇಳಿಸಿಬಿಡುವುದರಿಂದ ಅಲ್ಲಿನ ಮಗುವಿಗೆ ಈ ಅಪಾಯವಿಲ್ಲ. ಆದುದರಿಂದ ಕನ್ನಡದ ಮಗುವಿಗೆ ಕಲಿಸಬೇಕಾದ ಮೊಟ್ಟಮೊದಲ ಅಭ್ಯಾಸವೆಂದರೆ, ವಾಕ್ಯ ಮುಗಿಯುವವರೆಗೆ ಕೈಯನ್ನು ಕಟ್ಟಿಡುವುದು. ಕನ್ನಡದಲ್ಲಿ ಸೂಚನೆ ಬರೆಯುವವರ ಮೊದಲ ಕರ್ತವ್ಯವೆಂದರೆ ನಿಷೇಧದ ವಾಕ್ಯಗಳನ್ನು ಆದಷ್ಟು ಚಿಕ್ಕದಾಗಿಸುವುದು. ಸೂಚನೆಯನ್ನು ಹೇಳುವ ರೀತಿಗೆ ಉತ್ತಮ ಗುರುಗಳು ನಮ್ಮ ಬೆಳಗಾವಿಯಲ್ಲಿಯೇ ಇದ್ದಾರೆ. ಮರಾಠಾ ಲಘು ಪದಾತಿದಳದ ಕೇಂದ್ರ 1922ರಿಂದ ಈ ಊರಿನಲ್ಲಿದೆ. ಕ್ಯಾಂಪಿನ ಮೈದಾನದ ಬಳಿ ಬೆಳಗ್ಗೆ ನಡೆದುಹೋದವರು ಕವಾಯತಿನ ಕೂಗನ್ನು ಕೇಳಿಯೇ ಇರುವರು. ಆ ಆಜ್ಞೆಗೆ ಎರಡು ತುಂಡುಗಳಿವೆ. ಮೊದಲನೆಯದು ಉದ್ದವಾಗಿ ಎಳೆದು ಎಚ್ಚರಿಸುವುದು, ಏನು ಮಾಡಬೇಕಾಗಿ ಬರಲಿದೆಯೆಂಬುದನ್ನು ತಿಳಿಸುವುದು. ನಡುವೆ ಒಂದು ಮೌನ. ಆಮೇಲೆ ತಟ್ಟನೆ ಬೀಳುವ ಕಡೆಯ ಅಕ್ಷರಕ್ಕೆ ನೂರು ಕಾಲುಗಳು ಒಟ್ಟಿಗೆ ತಿರುಗುವುವು. ವಯಸ್ಕರಾದ ಸೈನಿಕರಿಗೇ ಆ ಎಚ್ಚರಿಕೆ, ಆ ಮೌನ ಬೇಕಾದರೆ, ಹತ್ತು ವರ್ಷದ ಮಗುವಿಗೆ ಬೇಡವೇ?

ಮುಖ ಕಾಣದ ಧ್ವನಿಯೂ ಕಾಯಬಲ್ಲುದೆಂಬುದನ್ನು ಬಾನುಲಿಯ ಇತಿಹಾಸವು ತೋರಿಸಿಕೊಟ್ಟಿದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ಆಕಾಶವಾಣಿ ಎಂಬ ಹೆಸರಿನ ಬಾನುಲಿ ಕೇಂದ್ರವನ್ನು ಆರಂಭಿಸಿದರೆಂಬುದು ನನಗೆ ಬಹಳ ಅರ್ಥವತ್ತಾಗಿ ಕಾಣುವುದು. ಮನಸ್ಸನ್ನು ಅಭ್ಯಸಿಸಿದವರಿಗೆ ಕಿವಿಯ ಮಹತ್ತ್ವ ತಿಳಿದಿತ್ತು. 1950ರಲ್ಲಿ ಧಾರವಾಡದ ಕೇಂದ್ರ ಆರಂಭವಾದ ಮೇಲೆ ನಮ್ಮ ಕಡೆಯ ಶಾಲೆಗಳಿಗೂ ಆ ಧ್ವನಿ ತಲುಪಿತು. 1974ರಲ್ಲಿ ನಿಕರಾಗುವಾ ದೇಶದಲ್ಲಿ ಬಾನುಲಿಯ ಮೂಲಕ ಗಣಿತವನ್ನು ಕಲಿಸುವ ಪ್ರಯೋಗವೊಂದು ಆರಂಭವಾಯಿತು. ಅದರ ಹೊಸತನವೆಲ್ಲ ಇದ್ದುದು ಮೌನದಲ್ಲಿ: ಧ್ವನಿ ಪ್ರಶ್ನೆಯನ್ನು ಕೇಳಿ ಸುಮ್ಮನಾಗುವುದು, ಮಕ್ಕಳು ಉತ್ತರವನ್ನು ಕೂಗಿ ಹೇಳುವರು, ಆಮೇಲೆ ಧ್ವನಿ ಸರಿಯುತ್ತರವನ್ನು ನುಡಿಯುವುದು. ಕರ್ನಾಟಕದಲ್ಲಿ ಈ ಶತಮಾನದ ಆರಂಭದ ವರ್ಷಗಳಲ್ಲಿ ಬಂದ 'ಚಿನ್ನರ ಚುಕ್ಕಿ', 'ಕೇಳಿ-ಕಲಿ' ಎಂಬ ಕಾರ್ಯಕ್ರಮಗಳನ್ನು ಕೇಳಿಸಿದ ಅಧ್ಯಾಪಕರು ಇಲ್ಲಿ ಅನೇಕರಿದ್ದೀರಿ. ರೇಡಿಯೋ ಹೇಳಿದಾಗ ಮಕ್ಕಳು ಎದ್ದುನಿಂತು ಕುಣಿಯುತ್ತಿದ್ದರು, ಎಣಿಸುತ್ತಿದ್ದರು, ಪಕ್ಕದಲ್ಲಿ ಅಧ್ಯಾಪಕರಿರುತ್ತಿದ್ದರು. ಮುಖ ಕಾಣದ ಧ್ವನಿಗೆ ಮುಖವುಳ್ಳ ಒಬ್ಬ ಸಂಗಾತಿ. ಆ ಸಂಗಾತಿ ಇಲ್ಲದಿದ್ದಾಗ ಏನಾಗುವುದೆಂಬುದನ್ನು 2020ರ ಮಹಾಮಾರಿಯ ಕಾಲದಲ್ಲಿ ಕಂಡೆವು. ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠಗಳು ಬಂದುವಾದರೂ, ಅಧ್ಯಾಪಕರು ಮಕ್ಕಳಿದ್ದಲ್ಲಿಗೇ ಹೋಗುವ ವಿದ್ಯಾಗಮವು ಬೇಕಾಯಿತು.

ಹಾಗಾದರೆ ಸಿದ್ಧತೆ ಹೇಗೆ? ನಾನು ಮಾಡಿನೋಡಿದುದನ್ನು ಮಾತ್ರ ಹೇಳುವೆನು. ಮುಖವನ್ನು ಒಮ್ಮೆಲೇ ಕಿತ್ತುಕೊಳ್ಳದೆ, ಸ್ವಲ್ಪ ಸ್ವಲ್ಪವಾಗಿ ದೂರ ಮಾಡಬೇಕು. ಮೊದಲ ವಾರ ಮಕ್ಕಳ ಎದುರಿಗೇ ನಿಂತು, ಒಂದು ಸೂಚನೆಯನ್ನು ಒಂದೇ ಸಲ ಹೇಳಿ, ಒಬ್ಬರಿಂದ ಅದನ್ನು ಅವರ ಮನೆಯ ಮಾತಿನಲ್ಲಿ ಹೇಳಿಸಿ, ಆಮೇಲೆಯೇ ಮಾಡಿಸಿದೆನು. ಮರಾಠಿಯಲ್ಲಿ ತಿರುಗಿ ಹೇಳಬಲ್ಲ ಮಗುವಿಗೆ ಕನ್ನಡದ ಸೂಚನೆ ಅರ್ಥವಾಗಿದೆಯೆಂಬುದಕ್ಕೆ ಅದಕ್ಕಿಂತ ದೃಢವಾದ ಸಾಕ್ಷಿಯಿಲ್ಲ. ಎರಡನೆಯ ವಾರ ಹಲಗೆಯ ಕಡೆ ಮುಖ ಮಾಡಿ ನಿಂತು ಹೇಳಿದೆನು. ಮೂರನೆಯ ವಾರ ಬಾಗಿಲ ಹೊರಗಿನಿಂದ. ಆಮೇಲೆ ನನ್ನ ಧ್ವನಿಯನ್ನೇ ಮೊಬೈಲಿನಲ್ಲಿ ಮುದ್ರಿಸಿ. ಅದಾದ ಬಳಿಕ ಮಕ್ಕಳು ಎಂದೂ ಕಾಣದ ಬೇರೆ ಊರಿನ ಅಧ್ಯಾಪಕಿಯೊಬ್ಬರ ಧ್ವನಿಯಲ್ಲಿ, ಏಕೆಂದರೆ ಮೈಸೂರಿನ ಕಡೆಯ ಕನ್ನಡದ ಲಯ ನಮ್ಮ ಮಕ್ಕಳ ಕಿವಿಗೆ ಪರಕೀಯವಾಗಿ ಕೇಳಿಸುವುದು. ಕಟ್ಟಕಡೆಗೆ ಮಳೆ ಬೀಳುತ್ತಿರುವಾಗ. ಖಾನಾಪುರದಿಂದ ರೈಲಿನಲ್ಲಿ ಬೆಳಗಾವಿಗೆ ಬಂದಾಗ ನಿಲ್ದಾಣದ ಮುದ್ರಿತ ಪ್ರಕಟಣೆಯನ್ನು ಕೇಳಿಸಿ, ಯಾವ ಗಾಡಿ, ಎಷ್ಟನೆಯ ಪ್ಲಾಟ್‌ಫಾರ್ಮ್ ಎಂದು ಕೇಳುವುದೂ ಒಂದು ಆಟವಾಯಿತು; ಮೂರು ಭಾಷೆಗಳಲ್ಲಿ ಬರುವ ಆ ಪ್ರಕಟಣೆಯಲ್ಲಿ ಒಂದರಲ್ಲಿ ತಪ್ಪಿದುದನ್ನು ಇನ್ನೊಂದರಲ್ಲಿ ಹಿಡಿಯುವ ಚಾತುರ್ಯ ನಮ್ಮ ಗಡಿಯ ಮಕ್ಕಳಿಗೆ ಬಹು ಬೇಗ ಬರುವುದು.

ಇವೆಲ್ಲಕ್ಕಿಂತ ಕಠಿನವಾದುದು ತಪ್ಪಿಹೋದ ಸೂಚನೆಯ ತರುವಾಯ ಏನು ಮಾಡಬೇಕೆಂಬುದನ್ನು ಕಲಿಸುವುದು. ಒಂದು ವಾಕ್ಯ ಕೈತಪ್ಪಿದೊಡನೆ ಎಲ್ಲವೂ ಮುಗಿಯಿತೆಂದು ಮಗು ತಿಳಿಯುವುದು. ಆ ಹುಡುಗಿ ಲೇಖನಿಯನ್ನು ಕೆಳಗಿಟ್ಟದ್ದು ಅದಕ್ಕಾಗಿಯೇ. ಆದುದರಿಂದ ನಾನು ಬೇಕೆಂದೇ ನಡುವೆ ಒಂದು ಸೂಚನೆಯನ್ನು ಅಸ್ಪಷ್ಟವಾಗಿ ಹೇಳಿ, ಅದನ್ನು ಬಿಟ್ಟು ಮುಂದಿನದನ್ನು ಹಿಡಿಯುವ, ಪುಟದ ಮೇಲಿರುವ ಮಾದರಿ ಪ್ರಶ್ನೆಯಿಂದ ತಪ್ಪಿದುದನ್ನು ಊಹಿಸಿಕೊಳ್ಳುವ, ಮಾತನಾಡಲು ಅವಕಾಶವಿರುವಾಗ ನಾಚದೆ ಕೈಯೆತ್ತುವ ರೂಢಿಯನ್ನು ಮಾಡಿಸಿದೆನು. ಕೈಯೆತ್ತುವುದನ್ನು ಕಲಿಸಲು ಹಿಡಿದ ಕಾಲ ಉಳಿದೆಲ್ಲಕ್ಕಿಂತ ಹೆಚ್ಚು. ಕೇಳುವುದು ಉದ್ಧಟತನವೆಂಬ ಭಾವನೆ ನಮ್ಮ ಹಳ್ಳಿಯ ಹೆಣ್ಣುಮಕ್ಕಳಲ್ಲಿ ಆಳವಾಗಿ ಬೇರುಬಿಟ್ಟಿದೆ, ಮತ್ತು ಅದನ್ನು ಬಿತ್ತಿದವರು ನಾವು ಹಿರಿಯರೇ.

ಕೆಲವು ಮಕ್ಕಳಿಗೆ ಈ ಯಾವ ಅಭ್ಯಾಸವೂ ನೆರವಾಗದು, ಏಕೆಂದರೆ ಅವರಿಗೆ ಕೇಳಿಸುವುದೇ ಕಡಿಮೆ. ಕಿವಿ ಸೋರುವ ಮಕ್ಕಳು ನಮ್ಮ ಪ್ರತಿಯೊಂದು ಶಾಲೆಯಲ್ಲಿಯೂ ಇದ್ದಾರೆ. ಅವರು ಅಧ್ಯಾಪಕರ ತುಟಿಯನ್ನೂ ಮುಖವನ್ನೂ ನೋಡಿ ಅರ್ಧವನ್ನು ಅರಿತುಕೊಳ್ಳುತ್ತಿರುವುದರಿಂದ ಆ ಕೊರತೆ ವರ್ಷಗಟ್ಟಲೆ ಯಾರಿಗೂ ತಿಳಿಯದೆ ಹೋಗುವುದು. ಮುಖವಿಲ್ಲದ ಧ್ವನಿಯ ಮುಂದೆ ಅವರು ಸಂಪೂರ್ಣವಾಗಿ ಅಸಹಾಯರು. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಶಾಲೆಗೆ ಬಂದಾಗ ಕಿವಿಯ ತಪಾಸಣೆಯನ್ನೂ ಮಾಡುವುದುಂಟು. ಅಂದು ಮಗು ಗೈರುಹಾಜರಾಗದಂತೆ ನೋಡಿಕೊಳ್ಳುವುದು ಯಾವ ಪರೀಕ್ಷಾಭ್ಯಾಸಕ್ಕಿಂತಲೂ ಮೇಲು.

ಪರೀಕ್ಷೆಗಳನ್ನು ನಡೆಸತಕ್ಕವರಲ್ಲಿ ನನ್ನ ವಿನಂತಿ ಇಷ್ಟು. ಮುಂದೆ ಎಂದಾದರೂ ಸೂಚನೆಯನ್ನು ಯಂತ್ರಕ್ಕೆ ಒಪ್ಪಿಸುವುದಾದರೆ, ಮಗು ಪ್ರಶ್ನಪತ್ರಿಕೆಯನ್ನು ಯಾವ ಭಾಷೆಯಲ್ಲಿ ಆರಿಸಿಕೊಂಡಿದೆಯೋ ಆ ಭಾಷೆಯ ಧ್ವನಿಯನ್ನೇ ಕೇಳಿಸಿರಿ. ಪ್ರತಿ ವಾಕ್ಯದ ಕೊನೆಗೂ ಮೌನವನ್ನಿಡಿರಿ. ಪರೀಕ್ಷೆಗೆ ಒಂದು ವಾರ ಮೊದಲಾದರೂ ಆ ಧ್ವನಿಯನ್ನು ಮಕ್ಕಳಿಗೆ ಪರಿಚಯ ಮಾಡಿಸಿರಿ. ಕೊಠಡಿಯ ಕಡೆಯ ಬೆಂಚಿನಲ್ಲಿ ನೀವೇ ಒಮ್ಮೆ ಕುಳಿತು ಕೇಳಿರಿ.

ಅಧ್ಯಾಪಕ ಬಂಧುಗಳಲ್ಲಿ ಬೇಡುವುದು ಇನ್ನೂ ಚಿಕ್ಕದು. ನಿಮ್ಮ ಮೇಜಿನ ಮೇಲೆ ಒಂದು ವಹಿಯನ್ನಿಟ್ಟು, ಸೂಚನೆಯನ್ನು ಹೇಳುವಾಗ ನಿಮ್ಮ ಮಕ್ಕಳು ಎಡವಿದ ಪದಗಳನ್ನು, ಚೌಕದಂಥವುಗಳನ್ನು, ಮನೆಯ ಮಾತಿನಲ್ಲಿ ಅದಕ್ಕೇನನ್ನುವರೆಂಬ ವಿವರದೊಡನೆ, ಬರೆಯುತ್ತ ಹೋಗಿರಿ. ಬೆಳಗಾವಿಯಿಂದಲೂ ಖಾನಾಪುರದಿಂದಲೂ ಅಂಥ ಐವತ್ತು ವಹಿಗಳು ಕೂಡಿಬಂದರೆ, ನಮ್ಮ ಗಡಿಯ ಮಕ್ಕಳಿಗಾಗಿ ಸೂಚನೆಯ ಪದಗಳ ಕನ್ನಡ-ಮರಾಠಿ-ಉರ್ದು ಪಟ್ಟಿಯೊಂದನ್ನು ಮುಂದಿನ ಶಾಲಾವರ್ಷ ತೆರೆಯುವ ಮೊದಲೇ ಅಚ್ಚು ಮಾಡಿಸಬಹುದು. ನನ್ನ ವಹಿಯಲ್ಲಿ ಈವರೆಗೆ ನಲವತ್ತೊಂದು ಪದಗಳಿವೆ; ಅದನ್ನು ಇಂದು ಈ ವೇದಿಕೆಯ ಮೇಲೆ ಅಧ್ಯಕ್ಷರ ಕೈಗೆ ಒಪ್ಪಿಸುತ್ತಿದ್ದೇನೆ.